ಖಿನ್ನತೆಗೆ ಮದ್ದಿದೆ

ಕಾಪು ಬೀಚಿಗೆ ಹೋದರೂ ಖುಷಿಯಿಲ್ಲ. ಯಕ್ಷಗಾನ ಬೇಡ, ಮೀನಿನ ಗಸಿಯೂ ರುಚಿಸದು. ನಿದ್ದೆ ಕೆಟ್ಟಿದೆ, ಮೈಯೆಲ್ಲ ಸುಸ್ತು. ಹೀಗೆ ಎರಡು ವಾರ ದಾಟಿತಾ? ಖಿನ್ನತೆ ಇರಬಹುದು.

ಇದನ್ನು ಸೋಮಾರಿತನ ಅಂತ ಬೈಯಬೇಡಿ. ವಂಶದ ಒಲವು, ಸಾಲ, ಸಾವು, ಒಂಟಿತನ, ಹೆರಿಗೆ, ಹೀಗೆ ಹಲವು ಕಾರಣ ಸೇರುತ್ತವೆ. ಥೈರಾಯ್ಡ್ ತೊಂದರೆಯೂ ಹೀಗೇ ಕಾಣಬಹುದು, ಅದಕ್ಕೇ ರಕ್ತಪರೀಕ್ಷೆ.

ಚಿಕಿತ್ಸೆ ಏನು? ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆ, ಶಿಸ್ತಿನ ದಿನಚರಿ, ವ್ಯಾಯಾಮ. ಹೆಚ್ಚಿದ್ದರೆ ಮಾತ್ರೆಯೂ ಬೇಕು. ಮಾತ್ರೆಯ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಅದು ಚಟ ಹಿಡಿಸುವುದಿಲ್ಲ. ಹುಷಾರಾದ ಮೇಲೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ತೀರಾ ತೀವ್ರವಾದರೆ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ (ವಿದ್ಯುತ್ ಚಿಕಿತ್ಸೆ) ಇದೆ.

ದೈವಕ್ಕೆ ಹರಕೆ ಹೇಳಿ, ಪ್ರಶ್ನೆ ಇಡಿಸಿ. ಆದರೆ ವೈದ್ಯರ ಭೇಟಿ ಮುಂದೂಡಬೇಡಿ.

ಎಲ್ಲಿಗೆ ಹೋಗುವುದು? ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಕಾರ್ಕಳದವರು ಸರ್ಕಾರಿ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಸಾಯುವ ಯೋಚನೆ ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ. ಉಚಿತ, 24 ಗಂಟೆಯೂ, ಕನ್ನಡದಲ್ಲೇ. ಈ ನಂಬರ್ ಬೇಕಾದವರಿಗೆ ಕಳಿಸಿ.