ಬಣ್ಣವಿಲ್ಲದ ಹಸಿರು

ಚಿತ್ರವೆಂದೊಡನೆ ಬಣ್ಣವನ್ನು ಅಪೇಕ್ಷಿಸುವುದು ನಮ್ಮ ಮನೆಗಳ ವಾಡಿಕೆ. ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಮಲೆನಾಡಿನ ನಮ್ಮೂರ ಕಾನಿನಲ್ಲಿ ಕುಳಿತು ಬರೆದ ಪೆನ್ಸಿಲ್ ಚಿತ್ರವೊಂದನ್ನು ತಂದು ತೋರಿಸಿದಾಗ ನಾನೂ ಅದೇ ಮಾತನ್ನಾಡಿದೆ: "ಚೆನ್ನಾಗಿದೆ, ಬಣ್ಣ ತುಂಬಿದರೆ ಪೂರ್ತಿಯಾಗುತ್ತದೆ." ಅವಳು ಏನೂ ಹೇಳದೆ ಹಾಳೆಯನ್ನು ಪುಸ್ತಕದಲ್ಲಿಟ್ಟುಕೊಂಡು ಒಳಗೆ ಹೋದಳು. ಆಮೇಲೆ ಬಹಳ ದಿನ ಪೆನ್ಸಿಲ್ ಹಿಡಿಯಲಿಲ್ಲ.

ದೀಪಾವಳಿಯ ಹೊತ್ತಿಗೆ ಆ ಹಾಳೆ ಮತ್ತೆ ನನ್ನ ಕೈಗೆ ಬಂದಿತು. ಈ ಸಲ ಕನ್ನಡಕ ಒರೆಸಿಕೊಂಡು ನೋಡಿದೆ. ಮರದ ಬುಡದಲ್ಲೊಂದು ಜರೀಗಿಡ, ಸುತ್ತ ಪಾಚಿ, ಉದುರಿದ ತರಗೆಲೆ, ವಸ್ತು ಇಷ್ಟೇ. ಎಳೆಯ ಎಲೆಯೊಂದು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿ ನಿಂತಿದೆ. ಮಗುಚಿಕೊಂಡ ಇನ್ನೊಂದು ಎಲೆಯ ಅಡಿಯಲ್ಲಿ ಚುಕ್ಕೆಗಳ ಸಾಲು. ಅವನ್ನು ಮೊದಲು ನಾನು ಅಲಂಕಾರವೆಂದು ತಿಳಿದಿದ್ದೆ. ಹೂವು, ಬೀಜ ಎರಡೂ ಇಲ್ಲದ ಜರೀಗಿಡವು ತನ್ನ ವಂಶವನ್ನು ಮುಂದುವರಿಸುವುದು ಆ ಚುಕ್ಕೆಗಳಲ್ಲಿರುವ ಬೀಜಾಣುಗಳಿಂದ. ಬಣ್ಣ ಬಳಿದಿದ್ದರೆ ಅವೆಲ್ಲ ಮುಚ್ಚಿಹೋಗುತ್ತಿದ್ದವು.

ದಟ್ಟ ಕಾಡಿನ ನೆಲಕ್ಕೆ ಬಿಸಿಲು ಸೋಸಿ ಬರುತ್ತದೆ. ಬೆಳಕು ಬಿದ್ದ ಕಡೆ ಅವಳು ಏನನ್ನೂ ಬರೆದಿಲ್ಲ. ಹಾಳೆಯ ಬಿಳುಪೇ ಅಲ್ಲಿ ಬಿಸಿಲು. ಎಲೆಯ ನರಗಳಿಗೆ ಗಟ್ಟಿ ಪೆನ್ಸಿಲ್, ನೆರಳಿಗೆ ಮೆದು ಪೆನ್ಸಿಲ್. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು, ಮಣ್ಣು ಹೆಚ್ಚಾದಂತೆ ಕಡ್ಡಿ ಗಟ್ಟಿಯಾಗುವ ಈ ವಿಧಾನಕ್ಕೆ ಫ್ರಾನ್ಸಿನ ಕಾಂಟೆ 1795ರಲ್ಲಿ ಹಕ್ಕುಪತ್ರ ಪಡೆದನು.

ಪೆನ್ಸಿಲ್ ಬಳಕೆಗೆ ಬರುವ ಮುನ್ನವೇ ಇಟಲಿಯ ಲಿಯೊನಾರ್ಡೊ ಡಾ ವಿಂಚಿ ಇಂತಹ ಗಿಡಗಳನ್ನು ಬರೆದಿದ್ದನು. ಸುಮಾರು 1506ರಿಂದ 1512ರೊಳಗಿನ ಅಂಥದೊಂದು ಹಾಳೆ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ನೀರಿನ ಸುಳಿಯಂತೆ ತಿರುಗಿದ ಎಲೆಗಳು, ಪಕ್ಕದಲ್ಲಿ ಕಾಡಿನ ನೆರಳಲ್ಲಿ ಅರಳುವ ಪುಟ್ಟ ಅನೆಮೊನಿ ಹೂವು. ಬಳಸಿದ್ದು ಕೆಂಪು ಸುಣ್ಣದ ಕಡ್ಡಿ, ಶಾಯಿ. ಅಲ್ಲಿಯೂ ಹಸಿರು ಬಣ್ಣವಿಲ್ಲ. ಅಂಚು ಕಟ್ಟಿ ಬಣ್ಣ ತುಂಬುವುದನ್ನಷ್ಟೇ ಶಾಲೆಯಲ್ಲಿ ಕಲಿತ ನನ್ನಂಥವರಿಗೆ ಇದು ಹೊಳೆಯಲು ತಡವಾಯಿತು.

ಮೊಮ್ಮಗಳನ್ನು ಕರೆದು ತಪ್ಪೊಪ್ಪಿಕೊಂಡೆ. ಚಿತ್ರಕ್ಕೆ ಕಟ್ಟು ಹಾಕಿಸಲೇ ಎಂದು ಕೇಳಿದೆ. ಅವಳು ಹಾಳೆಯ ಮೂಲೆಗೆ ಬೆರಳಿಟ್ಟು, "ಅಜ್ಜಾ, ಇಲ್ಲೊಂದು ಬಸವನಹುಳು ಇದೆ, ಕಂಡಿತೇ?" ಎಂದಳು.

ಕಂಡಿರಲಿಲ್ಲ.