ತನ್ನ ಮೈ, ಪರರ ಮೈ

ತೋಳನ್ನು ತಲೆಯ ಕೆಳಗೆ ಮಡಿಸಿಕೊಂಡು ನಿದ್ದೆಹೋದವರು ನಡುರಾತ್ರಿಯಲ್ಲಿ ಎಚ್ಚೆತ್ತಾಗ ಆ ಕೈ ಜೋಮು ಹಿಡಿದಿರುವುದು ನಮ್ಮಲ್ಲಿ ಅನೇಕರ ಅನುಭವಕ್ಕೆ ಬಂದಿರತಕ್ಕ ಸಂಗತಿ. ಕತ್ತಲೆಯಲ್ಲಿ ಮತ್ತೊಂದು ಕೈಯಿಂದ ತಡವಿದರೆ ಹಾಸಿಗೆಯ ಮೇಲೆ ಭಾರವಾದ, ಬೆಚ್ಚಗಿನ ವಸ್ತುವೊಂದು ಸಿಕ್ಕುತ್ತದೆ. ಯಾರದೋ ಕೈ! ಒಂದು ಕ್ಷಣ ಎದೆ ಧಸಕ್ಕೆನ್ನುತ್ತದೆ. ಬಳಿಕ ಇರುವೆ ಹರಿದಂತಾಗಿ, ಬೆರಳುಗಳು ಒಂದೊಂದಾಗಿ ಚಲಿಸತೊಡಗಿ, ಆ ಕೈ ಪುನಃ ನಮ್ಮದಾಗುತ್ತದೆ. ನಾವು ಹೊರಳಿ ಮಲಗುತ್ತೇವೆ; ಬೆಳಗಾಗುವ ಹೊತ್ತಿಗೆ ಇದನ್ನು ಮರೆತಿರುತ್ತೇವೆ.

ಆದರೆ ಇದು ಅಷ್ಟು ಸುಲಭವಾಗಿ ಮರೆಯತಕ್ಕ ವಿಷಯವಲ್ಲ. ಮನೆ ತನ್ನದೋ ಪರರದೋ ಎಂಬ ಬಗ್ಗೆ ನ್ಯಾಯಸ್ಥಾನಗಳಲ್ಲಿ ವರ್ಷಗಟ್ಟಲೆ ವ್ಯವಹಾರ ನಡೆಯುವುದುಂಟು. ಮೈ ತನ್ನದೋ ಪರರದೋ ಎಂಬ ಸಂದೇಹ ಮಾತ್ರ ಯಾರಿಗೂ ಬಾರದು. ಅದು ಹುಟ್ಟಿನೊಡನೆಯೇ ಬಂದ, ಒಮ್ಮೆ ಬರೆದು ಮುಗಿಸಿದ ಖಾತೆಯೆಂದು ನಾವು ಭಾವಿಸುತ್ತೇವೆ. ಕಳೆದ ಕೆಲವು ದಶಕಗಳ ಪ್ರಯೋಗಗಳು ತಿಳಿಸುವುದು ಬೇರೆ. ಮೆದುಳು ಈ ಖಾತೆಯನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬರೆಯುತ್ತಿದೆ. ಮತ್ತು ಅದು ನಂಬುವುದು ಸಾಕ್ಷಿಗಳ ಪರಸ್ಪರ ಒಮ್ಮತವನ್ನು.

ಸಾಕ್ಷಿಗಳು ಮುಖ್ಯವಾಗಿ ಮೂವರು. ಚರ್ಮವು ಸ್ಪರ್ಶವನ್ನು ವರದಿ ಮಾಡುತ್ತದೆ. ಕಣ್ಣು ತಾನು ಕಂಡುದನ್ನು ಹೇಳುತ್ತದೆ. ಸ್ನಾಯುಗಳೂ ಕೀಲುಗಳೂ, ಕಣ್ಣು ಮುಚ್ಚಿದ್ದರೂ, ಅವಯವ ಎಲ್ಲಿದೆ, ಹೇಗೆ ಬಾಗಿದೆ ಎಂಬುದನ್ನು ತಿಳಿಸುತ್ತಲೇ ಇರುತ್ತವೆ. ಈ ಮೂರು ವರದಿಗಳೂ ಒಂದೇ ಕಾಲದಲ್ಲಿ ಒಂದೇ ಮಾತನ್ನು ನುಡಿದರೆ 'ಇದು ನನ್ನದು' ಎಂಬ ತೀರ್ಪು ಹೊರಬೀಳುತ್ತದೆ. ಹಾಗಾದರೆ ಕಣ್ಣಿನಿಂದಲೂ ಚರ್ಮದಿಂದಲೂ ಒಟ್ಟಿಗೆ ಸುಳ್ಳುಸಾಕ್ಷಿ ಹೇಳಿಸಿದರೆ?

ಅಮೆರಿಕದ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೋಹೆನ್ ಎಂಬ ವಿದ್ವಾಂಸರು 1998ರಲ್ಲಿ ಮಾಡಿದ್ದು ಇದನ್ನೇ. ಅವರ ಪ್ರಯೋಗಕ್ಕೆ ಬೇಕಾದ ಸಾಮಗ್ರಿಯನ್ನು ಯಾವ ಶಾಲೆಯಲ್ಲಾದರೂ ಒದಗಿಸಬಹುದು. ಒಬ್ಬನನ್ನು ಮೇಜಿನ ಮುಂದೆ ಕುಳ್ಳಿರಿಸಿ, ಅವನ ಎಡಗೈ ಅವನಿಗೆ ಕಾಣದಂತೆ ನಡುವೆ ಒಂದು ತಡಿಕೆಯನ್ನು ನಿಲ್ಲಿಸಿದರು. ಅವನ ಕಣ್ಣೆದುರಿಗೆ ರಬ್ಬರಿನಿಂದ ಮಾಡಿದ, ನಿಜವಾದ ಕೈಯಷ್ಟೇ ಗಾತ್ರದ ಎಡಗೈಯೊಂದನ್ನು ಇಟ್ಟರು. ಬಳಿಕ ಚಿತ್ರಗಾರರು ಉಪಯೋಗಿಸುವ ಎರಡು ಸಣ್ಣ ಕುಂಚಗಳಿಂದ, ಮರೆಯಲ್ಲಿದ್ದ ಕೈಯನ್ನೂ ರಬ್ಬರಿನ ಕೈಯನ್ನೂ ಏಕಕಾಲದಲ್ಲಿ ಸವರುತ್ತಾ ಹೋದರು. ಅವನಿಗೆ ಕಾಣುವುದು ರಬ್ಬರಿನ ಮೇಲಿನ ಕುಂಚ. ತಾಗುವುದು ತನ್ನ ಚರ್ಮದ ಮೇಲಿನ ಕುಂಚ. ಸ್ವಲ್ಪ ಹೊತ್ತಿನಲ್ಲಿಯೇ ಸ್ಪರ್ಶವು ಆ ರಬ್ಬರಿನ ಕೈಯಲ್ಲಿಯೇ ಆಗುತ್ತಿರುವಂತೆ, ಅದು ತನ್ನ ಕೈಯೇ ಆಗಿರುವಂತೆ ತೋರತೊಡಗಿತು. ಕಣ್ಣು ಮುಚ್ಚಿಸಿ, 'ನಿನ್ನ ಎಡಗೈ ಎಲ್ಲಿದೆ, ತೋರಿಸು' ಎಂದರೆ, ನಿಜವಾದ ಕೈಯಿರುವ ಸ್ಥಳದಿಂದ ರಬ್ಬರಿನ ಕೈಯ ಕಡೆಗೆ ಸರಿದು ತೋರಿಸುವುದು ಕಂಡುಬಂದಿತು.

ರಬ್ಬರಿನದೆಂದು ಅವನಿಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಗೊತ್ತಿದ್ದೂ ಪ್ರಯೋಜನವಿಲ್ಲ. 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಭ್ರಮೆ ನೆಲೆಗೊಂಡ ಮೇಲೆ ಆ ಕೃತಕ ಕೈಯ ಬೆರಳೊಂದನ್ನು ಹಿಂದಕ್ಕೆ ಬಾಗಿಸಿದಾಗ, ನೋಡುತ್ತಿದ್ದವರ ಚರ್ಮದಲ್ಲಿ ಬೆವರಿನ ಸೂಕ್ಷ್ಮ ವ್ಯತ್ಯಾಸವನ್ನು ಯಂತ್ರವು ತೋರಿಸಿತು; ನೋವನ್ನು ನಿರೀಕ್ಷಿಸಿದಾಗ ಆಗುವ ವ್ಯತ್ಯಾಸವದು. ಆದರೆ ಮೆದುಳು ಎಂತಹ ಸಾಕ್ಷಿಯನ್ನಾದರೂ ನಂಬುವಷ್ಟು ಮುಗ್ಧವಲ್ಲ. ಎರಡು ಕುಂಚಗಳ ತಾಳ ತಪ್ಪಿದರೆ ಭ್ರಮೆ ಕುಗ್ಗುತ್ತದೆ. ಕೈಗೆ ಬದಲಾಗಿ ಮರದ ಕೋಲನ್ನಿಟ್ಟರೂ, ಎಡಗೈಯ ಸ್ಥಾನದಲ್ಲಿ ಬಲಗೈಯನ್ನಿಟ್ಟರೂ ಹಾಗೆಯೇ.

ಇದುವರೆಗೆ ಹೇಳಿದ್ದು ಸುಮ್ಮನೆ ಕುಳಿತಿರುವ ದೇಹದ ಮಾತು. ದೇಹ ಚಲಿಸತೊಡಗಿದೊಡನೆ ಮೆದುಳಿಗೆ ಇನ್ನೊಂದು ಬಲವಾದ ಆಧಾರ ದೊರೆಯುತ್ತದೆ. ಕಛೇರಿಯಿಂದ ಹೊರಡುವ ಪ್ರತಿಯೊಂದು ಆಜ್ಞೆಯ ನಕಲನ್ನೂ ಗುಮಾಸ್ತೆಯು ಕಡತದಲ್ಲಿ ಇಟ್ಟುಕೊಳ್ಳುವನಷ್ಟೆ? ಮೆದುಳಿನಲ್ಲಿಯೂ ಹಾಗೆಯೇ. 'ಕೈ ಮೇಲೇಳಲಿ' ಎಂಬ ಆಜ್ಞೆಯ ಅಸಲು ಸ್ನಾಯುಗಳಿಗೆ ಹೋಗುತ್ತದೆ. ನಕಲು ಒಳಗೇ ಉಳಿದು, ಈ ಚಲನೆಯಿಂದ ಯಾವ ಸ್ಪರ್ಶ ಆಗತಕ್ಕದ್ದೆಂದು ಮುಂದಾಗಿಯೇ ಲೆಕ್ಕ ಹಾಕುತ್ತದೆ. ಬಂದ ವರದಿಯು ಲೆಕ್ಕಕ್ಕೆ ಸರಿಹೊಂದಿದರೆ ಅದು ತನ್ನ ಕೃತ್ಯ, ಹೊಂದದಿದ್ದರೆ ಪರರದು. ಜರ್ಮನಿಯ ಎರಿಕ್ ಫೊನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟ್ಟೆಲ್‌ಸ್ಟೆಟ್ ಎಂಬುವರು 1950ರಲ್ಲಿ ಈ ನಕಲಿನ ತತ್ತ್ವವನ್ನು ಸ್ಪಷ್ಟವಾಗಿ ನಿರೂಪಿಸಿದರು.

ತನಗೆ ತಾನೇ ಕಚಗುಳಿ ಇಟ್ಟುಕೊಂಡು ನಗಲು ಏಕೆ ಸಾಧ್ಯವಿಲ್ಲ ಎಂದು ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಲಂಡನ್ನಿನಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ ಇವರು 1998ರಲ್ಲಿ ಮೆದುಳಿನ ಚಿತ್ರಗಳನ್ನು ತೆಗೆದು ನೋಡಲಾಗಿ, ಪರರು ಅಂಗೈಯನ್ನು ಸವರಿದಾಗಿನದಕ್ಕಿಂತ ತಾನೇ ಸವರಿಕೊಂಡಾಗ ಸ್ಪರ್ಶವನ್ನು ಗ್ರಹಿಸುವ ಭಾಗದ ವ್ಯಾಪಾರ ಕಡಮೆಯಾಗಿತ್ತು. ಮುಂಗಾಣ್ಕೆಯ ಈ ಲೆಕ್ಕದಲ್ಲಿ ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ಪಾಲುಗೊಳ್ಳುವಂತೆಯೂ ತೋರಿತು. ಮರುವರ್ಷ ಅವರು ಒಂದು ಯಂತ್ರವನ್ನು ನಡುವೆ ತಂದರು. ಎಡಗೈಯಿಂದ ಹಿಡಿಯನ್ನು ಆಡಿಸಿದರೆ ಯಂತ್ರದ ತೋಳು ಬಲ ಅಂಗೈಯನ್ನು ಸವರುವುದು. ಆಡಿಸುವುದಕ್ಕೂ ಸವರುವುದಕ್ಕೂ ನಡುವೆ ಸೆಕೆಂಡಿನ ಹತ್ತನೆಯ ಒಂದು, ಎರಡು, ಮೂರು ಭಾಗಗಳಷ್ಟು ತಡಮಾಡುತ್ತ ಹೋದಂತೆ, ತನ್ನದೇ ಕೈಯ ಕೆಲಸವು ಪರರ ಕಚಗುಳಿಯಂತೆ ಆಗುತ್ತ ಬಂದಿತು.

ತನ್ನ ಕೃತ್ಯದ ಫಲವನ್ನು ಹೀಗೆ ತಗ್ಗಿಸಿ ಕಾಣುವುದರಿಂದ ಲಾಭವೇ ಹೆಚ್ಚು. ನಾವು ನಡೆಯುವಾಗ ಉಟ್ಟ ಬಟ್ಟೆ ಮೈಗೆ ಉಜ್ಜುವುದೆಲ್ಲ ಗಮನಕ್ಕೆ ಬರುತ್ತಿದ್ದರೆ, ಕುತ್ತಿಗೆಯ ಮೇಲೆ ಹರಿದ ಜೇಡ ಗಮನಕ್ಕೆ ಬರುತ್ತಿರಲಿಲ್ಲ. ಆದರೆ ನಷ್ಟವೂ ಉಂಟು. ಲಂಡನ್ನಿನಲ್ಲಿಯೇ 2003ರಲ್ಲಿ ಇಬ್ಬಿಬ್ಬರನ್ನು ಎದುರುಬದುರಾಗಿ ಕುಳ್ಳಿರಿಸಿ, ಸರದಿಯಂತೆ ಒಬ್ಬರು ಇನ್ನೊಬ್ಬರ ಬೆರಳನ್ನು ಒತ್ತುವಂತೆ ಏರ್ಪಡಿಸಿದರು. 'ನಿಮಗೆ ಎಷ್ಟು ಒತ್ತು ಬಿದ್ದಿತೋ ಅಷ್ಟೇ ಒತ್ತಿರಿ' ಎಂದು ಇಬ್ಬರಿಗೂ ಹೇಳಲಾಗಿತ್ತು. ಒಬ್ಬರಿಗೆ ಹೇಳಿದ್ದು ಮತ್ತೊಬ್ಬರಿಗೆ ತಿಳಿಯದು. ಒತ್ತು ಸರದಿಗೆ ಸರಾಸರಿ 38 ಪಾಲಿನಂತೆ, ನೂರಕ್ಕೆ, ಏರುತ್ತ ಹೋಯಿತು. ಈ ಲೆಕ್ಕದಲ್ಲಿ ಐದು ಸರದಿಗಳಿಗೆ ಐದರಷ್ಟಾಗುತ್ತದೆ. ಇಬ್ಬರೂ ಸತ್ಯವಂತರೇ. 'ಅವನು ಜೋರಾಗಿ ಹೊಡೆದ, ನಾನು ಮೆಲ್ಲಗೆ ಹೊಡೆದೆ' ಎಂದು ಅಳುತ್ತ ಬರುವ ಮಕ್ಕಳಿಬ್ಬರಲ್ಲಿ ಒಬ್ಬನು ಸುಳ್ಳುಗಾರನೆಂದು ತೀರ್ಮಾನಿಸಿ ಶಿಕ್ಷಿಸಿದ ತಂದೆಯರು ನಮ್ಮ ಶ್ರೋತೃಗಳಲ್ಲಿ ಇರಬಹುದು.

ಇನ್ನು ಪರರ ಮೈಯನ್ನು ನೋಡುವಾಗ ಏನಾಗುತ್ತದೆ? ಇನ್ನೊಬ್ಬನ ಬೆರಳು ಬಾಗಿಲಿನ ಸಂದಿಗೆ ಸಿಕ್ಕಿದ್ದನ್ನು ಕಂಡರೆ ನಾವು ನಮ್ಮ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತೇವೆ. ಪರರ ಮೈಯನ್ನು ಮುಟ್ಟುವುದನ್ನು ನೋಡಿದಾಗ, ತನ್ನ ಮೈಯನ್ನು ಮುಟ್ಟಿದಾಗ ಕೆಲಸಮಾಡುವ ಭಾಗಗಳಲ್ಲಿ ಕೆಲವು ಎಚ್ಚರಗೊಳ್ಳುತ್ತವೆಂದು ಮೆದುಳಿನ ಚಿತ್ರಗಳು ತೋರಿಸಿವೆ. ಹಾಗಿದ್ದರೂ ಆ ನೋವು ನಮಗೆ ಹತ್ತುವುದಿಲ್ಲ. ನಮ್ಮ ಚರ್ಮವು 'ಇಲ್ಲಿ ಏನೂ ಆಗಿಲ್ಲ' ಎಂದು ನಿರಾಕರಿಸುತ್ತಿರುವುದೇ ಇದಕ್ಕೆ ಒಂದು ಕಾರಣವೆಂದು ವಿ. ಎಸ್. ರಾಮಚಂದ್ರನ್ ಅವರ ಊಹೆ. ಕೈ ಕಳೆದುಕೊಂಡವರು ಬೇರೊಬ್ಬರ ಕೈಯನ್ನು ಸವರುವುದನ್ನು ನೋಡಿದಾಗ ತಮ್ಮ ಇಲ್ಲದ ಕೈಯಲ್ಲಿ ಸ್ಪರ್ಶವಾದಂತೆ ಹೇಳಿದುದನ್ನು 2009ರಲ್ಲಿ ಅವರು ಪ್ರಕಟಿಸಿದರು. ನಿರಾಕರಿಸತಕ್ಕ ಚರ್ಮ ಅಲ್ಲಿರಲಿಲ್ಲ.

ಈ ವ್ಯವಸ್ಥೆಯು ನಿಜವಾಗಿ ಮುರಿದುಬೀಳುವುದು ರೋಗದಲ್ಲಿ. ಮೆದುಳಿನ ಬಲಭಾಗಕ್ಕೆ ರಕ್ತ ನಿಂತು ಎಡಮಗ್ಗುಲಿಗೆ ಪಾರ್ಶ್ವವಾಯು ಬಡಿದವರಲ್ಲಿ ಕೆಲವರು, ಹಾಸಿಗೆಯಲ್ಲಿ ತಮ್ಮ ಪಕ್ಕದಲ್ಲಿರುವ ಎಡಗೈ ತಮ್ಮದಲ್ಲವೆಂದು ಸಾಧಿಸುತ್ತಾರೆ. ಯಾರದೆಂದು ಕೇಳಿದರೆ ವೈದ್ಯರದೆನ್ನುವರು, ಗಂಡನದೆನ್ನುವರು. ಅದನ್ನು ತೆಗೆದುಕೊಂಡು ಹೋಗಿರೆಂದು ಬೇಡುವವರೂ ಉಂಟು. ಬೇರೆ ವಿಷಯಗಳಲ್ಲಿ ಅವರ ಮಾತು ಸರಿಯಾಗಿಯೇ ಇರಬಹುದು. ಗೆರ್ಸ್ಟ್‌ಮನ್ ಎಂಬ ವೈದ್ಯನು 1942ರಲ್ಲಿ ಈ ಸ್ಥಿತಿಗೆ ಶಾಸ್ತ್ರೀಯವಾದ ಹೆಸರನ್ನು ಕೊಟ್ಟನು. ಮನೆಯವರಿಗೆ ಹೆಸರಿನಿಂದೇನು? ಅವರು ಹೆದರುತ್ತಾರೆ, ಬುದ್ಧಿಭ್ರಮಣೆಯೆನ್ನುತ್ತಾರೆ, ತೋಳನ್ನು ಭುಜದವರೆಗೆ ತೋರಿಸಿ ವಾದಿಸುತ್ತಾರೆ. ವಾದದಿಂದ ಫಲವಿಲ್ಲ. ಚರ್ಮದ ವರದಿಯೂ ಕೀಲುಗಳ ವರದಿಯೂ ಮೆದುಳಿನಲ್ಲಿ ಸೇರತಕ್ಕ ಕಡೆ ಸೇರದೆ, ಕಣ್ಣೊಂದೇ ಸಾಕ್ಷಿ ನುಡಿದರೆ, ನಾವಾದರೂ ಏನು ಹೇಳುತ್ತಿದ್ದೆವೋ! ಅನೇಕರಲ್ಲಿ ಇದು ದಿನಗಳಲ್ಲಿಯೋ ವಾರಗಳಲ್ಲಿಯೋ ತಾನಾಗಿ ಕಳೆಯುತ್ತದೆ.

ಲಂಡನ್ನಿನ ಸಂಶೋಧಕರು 2011ರಲ್ಲಿ ಇಂತಹ ರೋಗಿಗಳ ಎದುರಿಗೆ ಕನ್ನಡಿಯನ್ನು ಹಿಡಿದರು. ಕನ್ನಡಿಯಲ್ಲಿ ಕಾಣುವ ಎಡಗೈ ಯಾರದೆಂದು ಕೇಳಿದಾಗ ಅದು ತಮ್ಮದೆಂದೇ ಉತ್ತರ ಬಂದಿತು. ಪರರು ನಮ್ಮನ್ನು ಹೊರಗಿನಿಂದ ಕಾಣುವಂತೆ ಕಂಡಾಗ ಆ ಕೈ ಅವರದಾಗಿತ್ತು. ಕನ್ನಡಿಯನ್ನು ಸರಿಸಿ ಅದೇ ಕೈಯನ್ನು ನೇರವಾಗಿ ತೋರಿಸಿದರೆ, ಅದು ಮತ್ತೆ ಬೇರೆ ಯಾರದೋ ಆಗಿಬಿಡುತ್ತಿತ್ತು.