ಮಿಲಿಟರಿ ಲಾರಿಯೂ ಮಲೆಯ ತೋಟವೂ

ಹಳೆಯ ಮಿಲಿಟರಿ ಲಾರಿ ಅಗ್ಗಕ್ಕೆ ದೊರೆಯುವುದೆಂದು ಕೇಳಿದರೆ ಗುಡ್ಡದಲ್ಲಿ ತೋಟವಿರುವ ಕೃಷಿಕನ ಕಿವಿ ನೆಟ್ಟಗಾಗದೆ ಇರದು. ಕಾಸರಗೋಡಿನ ಮೂಡಣ ಗುಡ್ಡಗಳ ನಡುವಿನ ನಮ್ಮ ಅಡಿಕೆ ತೋಟಕ್ಕೆ ಡಾಮರು ರಸ್ತೆಯಿಂದ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಮಳೆಗಾಲದಲ್ಲಿ ಬಾಡಿಗೆ ಗಾಡಿಗಳು ಕೆಳಗೇ ನಿಲ್ಲುತ್ತಿದ್ದವು. ಮುಂದಕ್ಕೆ ತಲೆಹೊರೆಯೇ ಗತಿ. ಶಾಲೆ ಬಿಟ್ಟು ಬಂದು ಸಂಜೆ ನಾವೂ ಹೊತ್ತಿದ್ದೇವೆ.

ಸೈನ್ಯದ ಗಾಡಿ ಜನರ ಕೈಗೆ ಬರುವುದು ಹೊಸತೇನಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದ ಬಳಿಕ ನಮ್ಮ ದೇಶದಲ್ಲಿ ಉಳಿದ ಜೀಪು, ಲಾರಿಗಳು ಮಾರಾಟವಾದವು. ಅವುಗಳ ಚಾಸಿಯ ಮೇಲೆ ಮರದ ಮೈ ಕಟ್ಟಿ ಬಸ್ಸು ಓಡಿಸಿದವರೂ ಇದ್ದರು. ಮುಂದೆ ಜಬಲ್ಪುರದಲ್ಲೇ ಸೈನ್ಯದ ಗಾಡಿಗಳು ತಯಾರಾದವು: 1959ರಿಂದ ಜರ್ಮನಿಯ ಎಂ.ಎ.ಎನ್. ಕಂಪೆನಿಯ ಪರವಾನಗಿಯ ಶಕ್ತಿಮಾನ್, ಜಪಾನಿನ ನಿಸ್ಸಾನ್ ಮಾದರಿಯ ಒಂದು ಟನ್ನಿನ ಲಾರಿ, 1969ರಿಂದ ಜೋಂಗಾ. ಸೇವೆ ಮುಗಿದವು ಏಲಂಗೆ ಬರುತ್ತಿದ್ದವು.

2009ರಲ್ಲಿ ನೆರೆಯ ಇಬ್ಬರೊಡನೆ ಕೂಡಿ ನಾವು ಒಂದು ನಿಸ್ಸಾನ್ ಲಾರಿಯನ್ನು ದಲ್ಲಾಳಿಯೊಬ್ಬನಿಂದ ಕೊಂಡೆವು. ನಮ್ಮ ಪಾಲಿನ ಹಣಕ್ಕೆ ಮನೆಯಾಕೆಯ ಬಳೆ ಅಡವಾಯಿತು. "ಕಾಗದ ಹಿಂದಿನಿಂದ ಬರುತ್ತದೆ" ಎಂದ ಅವನ ಮಾತನ್ನು, ಓದದೆ ಸಹಿ ಹಾಕಬೇಡಿರೆಂದು ಮಕ್ಕಳಿಗೆ ಬುದ್ಧಿ ಹೇಳುವ ಮಾಸ್ತರರಾದ ನಾವೇ ನಂಬಿದೆವು! ಲಾರಿ ಹನ್ನೊಂದು ತಿಂಗಳು ಹಟ್ಟಿಯ ಬದಿಯಲ್ಲಿ ನಿಂತಿತು. ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟವು. ನಾವು ಬಡ್ಡಿ ಕಟ್ಟಿದೆವು.

ಬೇಕಾಗಿದ್ದ ಕಾಗದ ಯಾವುದು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈನ್ಯದ ಹಳೆಯ ಗಾಡಿಯನ್ನು ನೋಂದಾಯಿಸಲು ಸಂಬಂಧಪಟ್ಟ ಅಧಿಕಾರಿಗಳು 21ನೇ ನಮೂನೆಯಲ್ಲಿ ಕೊಟ್ಟ ಮೂಲ ಮಾರಾಟ ಪತ್ರ ಬೇಕು. ನಕಲು ಸಾಲದು. ಅದಿಲ್ಲದ ಲಾರಿ ಎಷ್ಟೇ ಚೆನ್ನಾಗಿ ಓಡಲಿ, ರಸ್ತೆಯ ಮಟ್ಟಿಗೆ ಗುಜರಿಯೇ. ಹತ್ತಾರು ಸಲ ಅಲೆದು ಕೊನೆಗೆ ಪತ್ರ ತರಿಸಿಕೊಂಡೆವು. ಬಣ್ಣಕ್ಕೂ ನಿಯಮವಿದೆ: ಸೈನ್ಯದ ಆ ಹಸಿರು ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ ಮೀಸಲು. ನಾವು ನೀಲಿ ಬಳಿಸಿದೆವು.

ಇನ್ನು ಯಂತ್ರದ ವಿಚಾರ. ಸೈನ್ಯದ ಗಾಡಿ ಓಡಿದ್ದು ಕಡಿಮೆ, ನಿಂತದ್ದು ಹೆಚ್ಚು ಎಂದು ತಿಳಿಯಬೇಕು. ಟಯರಿನ ಹಲ್ಲು ಹೊಸದರಂತೆ ಕಂಡರೂ ಬದಿಯ ರಬ್ಬರು ಬಿರುಕು ಬಿಟ್ಟಿರುತ್ತದೆ. ಪೆಟ್ರೋಲು ಟಾಂಕಿಯೊಳಗೆ ತುಕ್ಕು, ಬ್ರೇಕಿನ ಸಿಲಿಂಡರಿನಲ್ಲಿ ಹಿಡಿತ. ಇವನ್ನೆಲ್ಲ ಬಿಚ್ಚಿ ಸರಿಮಾಡದೆ ಗುಡ್ಡ ಇಳಿಸಬಾರದು. ಕೆಲವು ಮಿಲಿಟರಿ ಚಕ್ರಗಳು ಎರಡು ಹೋಳುಗಳನ್ನು ಬೋಲ್ಟು ಹಾಕಿ ಬಿಗಿದವು. ಟಯರಿನ ಗಾಳಿ ಪೂರ್ತಿ ಬಿಡದೆ ಆ ಬೋಲ್ಟು ಸಡಿಲಿಸಿದರೆ ಹೋಳು ಸಿಡಿದು ಪ್ರಾಣವೇ ಹೋದೀತು. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಗೇರು ಕೆಸರಿಗೆ ಮಾತ್ರ. ಒಣಗಿದ ಡಾಮರಿನ ಮೇಲೆ ಹಾಗೆ ಓಡಿಸಿದರೆ ಟಯರೂ ಗೇರೂ ಸವೆಯುತ್ತವೆ.

ಖರ್ಚನ್ನು ಮುಚ್ಚಿಡುವುದಿಲ್ಲ. ನಮ್ಮ ಲಾರಿಯದು ಸುಮಾರು ನಾಲ್ಕು ಲೀಟರು ಗಾತ್ರದ, ಆರು ಸಿಲಿಂಡರಿನ ಪೆಟ್ರೋಲು ಎಂಜಿನು. ಲೀಟರಿಗೆ ನಾಲ್ಕು ಕಿಲೋಮೀಟರು ಸಿಕ್ಕಿದರೆ ಪುಣ್ಯ. ಪೇಟೆಗೆ ಅದರಲ್ಲಿ ಹೋದವನ ಅಡಿಕೆಯ ಲಾಭ ದಾರಿಯಲ್ಲೇ ಮುಗಿಯುತ್ತದೆ. ಆದ್ದರಿಂದ ಡಾಮರು ರಸ್ತೆಯಿಂದ ತೋಟದವರೆಗೆ ಮಾತ್ರವೆಂದು ಮೂರು ಮನೆಯವರೂ ಕಟ್ಟು ಮಾಡಿಕೊಂಡೆವು.

ಹಾಗಾದರೆ ಏಕೆ ಬೇಕು? ಕೊಳೆರೋಗ ಬಲ್ಲವರಿಗೆ ಗೊತ್ತು. ಮಳೆಗೆ ಮುಂಚೆ ಬಿಟ್ಟ ಬೋರ್ಡೋ ಮದ್ದನ್ನು 40-45 ದಿನಗಳಲ್ಲಿ ಮತ್ತೆ ಬಿಡಬೇಕು. ಆಗ ಸುರಿಯುವ ಮಳೆ ಬಿಡುವು ಕೊಡುವುದು ಒಂದೆರಡು ದಿನ. ಕೊಂಡ ವರ್ಷ ಲಾರಿ ಹಟ್ಟಿಯ ಬದಿಯಲ್ಲಿದ್ದಾಗ ಮೈಲುತುತ್ತು, ಸುಣ್ಣ, ಪಂಪು ಹೊತ್ತು ತಲುಪಿಸುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಎಳೆ ಅಡಿಕೆ ಬುಡದಲ್ಲಿ ರಾಶಿ ಬಿತ್ತು. ಮರುವರ್ಷ ಅದೇ ಹೊರೆ ಒಂದೇ ಬೆಳಗ್ಗೆ ಮೂರು ತೋಟಗಳಿಗೂ ಮುಟ್ಟಿತು. ಬಳೆ ಬಿಡಿಸಿಕೊಂಡದ್ದು ಆ ಫಸಲಿನಿಂದ.

ಈಗ ಏಲಂ ಹೆಚ್ಚಾಗಿ ಸರಕಾರಿ ಸ್ವಾಮ್ಯದ ಎಂ.ಎಸ್.ಟಿ.ಸಿ.ಯ ಮೂಲಕ ಅಂತರಜಾಲದಲ್ಲಿ ನಡೆಯುತ್ತದೆ. ಕೊಳ್ಳುವ ಮನಸ್ಸಿದ್ದವರು ಒಬ್ಬರೇ ಸಾಹಸ ಮಾಡದೆ ನಾಲ್ಕು ಮನೆ ಕೂಡಿರಿ. ಗಾಡಿಯನ್ನು ಬಲ್ಲ ಮೇಸ್ತ್ರಿಯನ್ನು ಕರೆದೊಯ್ಯಿರಿ. ಮೊದಲು ಕಾಗದ ನೋಡಿರಿ, ಆಮೇಲೆ ಕಬ್ಬಿಣ.